ಕತ್ತಲ ಆಕಾಶದ ಮಸುಕು ನೀಹಾರಿಕೆಗೆ ಯಾವ ಫಿಲ್ಟರ್? ಯುವಿ-ಐಆರ್ ಕಟ್ ಮತ್ತು ಡ್ಯುಯಲ್ ಬ್ಯಾಂಡ್

ಅಮಾವಾಸ್ಯೆಯ ಆಸುಪಾಸಿನಲ್ಲಿ ನೀಹಾರಿಕೆಗಳ ಚಿತ್ರ ತೆಗೆಯಲು ಊರ ದೀಪಗಳಿಂದ ದೂರ ಹೋಗುವವರು, ಬೆಳಕಿನ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಒಳಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರನ್ನು ಮನೆಯಲ್ಲೇ ಬಿಡಬಹುದು. 72 ಮಿ.ಮೀ. ಎಫ್ 5.8 ಇಡಿ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ), 533 ಸೆನ್ಸರಿನ ಕೂಲ್ಡ್ ಕಲರ್ ಕ್ಯಾಮೆರಾ, ಚಿತ್ರದುರ್ಗ ಕಡೆಯ ಬಯಲುಸೀಮೆಯ ಒಣ ಚಳಿಗಾಲ. ಇವನ್ನೆಲ್ಲ ಹಾಗೇ ಇಟ್ಟು ಫಿಲ್ಟರ್ ಮಾತ್ರ ಬದಲಿಸಿ ನೋಡಿದ ಮೇಲೆ ನನ್ನ ಮತ ನೇರಳಾತೀತ, ಅತಿಗೆಂಪು ಕಿರಣಗಳನ್ನಷ್ಟೇ ತಡೆಯುವ ಯುವಿ-ಐಆರ್ ಕಟ್‌ಗೆ. ಬೆಂಗಳೂರಿನ ತಾರಸಿಯ ಮಾತು ಬೇರೆ, ಅಲ್ಲಿ ಡ್ಯುಯಲ್ ಬ್ಯಾಂಡ್ ಬೇಕೇ ಬೇಕು.

7 ನ್ಯಾನೊಮೀಟರಿನ ಡ್ಯುಯಲ್ ಬ್ಯಾಂಡ್ ಅಷ್ಟಗಲದ ಎರಡು ಕಿಂಡಿಗಳನ್ನಷ್ಟೇ ತೆರೆದಿಡುತ್ತದೆ: ಎಚ್-ಆಲ್ಫಾದ (ಹೈಡ್ರೋಜನ್ನಿನ ಕೆಂಪು ಬೆಳಕು) 656.3, ಆಕ್ಸಿಜನ್-3ರ (ಅಯಾನೀಕೃತ ಆಕ್ಸಿಜನ್ನಿನ ನೀಲಿ-ಹಸಿರು ಬೆಳಕು) 500.7 ನ್ಯಾನೊಮೀಟರ್. ತಾನೇ ಹೊಳೆಯುವ ಅನಿಲಕ್ಕೆ ಇಷ್ಟು ಸಾಕು. ಆದರೆ ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳಿನ ಬೆಳಕು ಇಡೀ ವರ್ಣಪಟಲದಲ್ಲಿ ಹರಡಿರುತ್ತದೆ, ಅದರಲ್ಲಿ ಬಹುಪಾಲು ಫಿಲ್ಟರಿನಲ್ಲೇ ತಡೆದುಹೋಗುತ್ತದೆ. ರೀಗಲ್ ನಕ್ಷತ್ರದ ಪಕ್ಕದ ಐಸಿ 2118 ನೀಹಾರಿಕೆ, ಕೃತ್ತಿಕೆಯ ಸುತ್ತಲಿನ ನೀಲಿ ಮಂಜು ಎರಡೂ ಹೆಚ್ಚುಕಡಿಮೆ ಮಾಯ. ಎಂ 78 ಎಂಬ ಧೂಳಿನ ನೀಹಾರಿಕೆಯ ಚೌಕಟ್ಟಿನಲ್ಲಿ ಬರ್ನಾರ್ಡ್ ಲೂಪ್ ಎಂಬ ಅನಿಲದ ಕಮಾನಿನ ಕೆಂಪು ಉಳಿದು, ಎಂ 78ರ ನೀಲಿ ಸಾಯುತ್ತದೆ. ನಗರದಿಂದ ಹಿಡಿಯಲಾಗದ ಈ ಧೂಳಿಗಾಗಿಯೇ ಅಲ್ಲವೇ ಅಷ್ಟು ದೂರ ಹೋಗುವುದು?

ನಿಜವಾದ ಕಿರಿಕಿರಿ ಎಕ್ಸ್‌ಪೋಷರಿನದು. ಪ್ರತಿ ಫ್ರೇಮಿನಲ್ಲೂ ಆಕಾಶದ ಬೆಳಕು ಕ್ಯಾಮೆರಾದ ರೀಡ್ ನಾಯ್ಸನ್ನು (ಚಿತ್ರ ಓದುವಾಗ ಕ್ಯಾಮೆರಾವೇ ಸೇರಿಸುವ ಗದ್ದಲವನ್ನು) ಮುಳುಗಿಸುವಷ್ಟು ತುಂಬಬೇಕು. ರೀಡ್ ನಾಯ್ಸ್‌ನ ವರ್ಗದ ಹತ್ತು ಪಟ್ಟು ಎಂಬುದು ರೂಢಿಯ ಲೆಕ್ಕ. ಗೇನ್ (ಸಂಕೇತ ವರ್ಧನೆ) 100ರಲ್ಲಿ ಈ ಸೆನ್ಸರಿನ ರೀಡ್ ನಾಯ್ಸ್ ಸುಮಾರು 1.5 ಎಲೆಕ್ಟ್ರಾನ್, ಅಂದರೆ ಪಿಕ್ಸೆಲಿಗೆ ಸುಮಾರು 22 ಎಲೆಕ್ಟ್ರಾನ್ ಸೇರಬೇಕು. ಕತ್ತಲ ಆಕಾಶ ಯುವಿ-ಐಆರ್ ಕಟ್ ಮೂಲಕ ಸೆಕೆಂಡಿಗೆ ಕಾಲು ಎಲೆಕ್ಟ್ರಾನ್ ಕೊಟ್ಟರೆ 90 ಸೆಕೆಂಡಿಗೆ ಕೆಲಸ ಮುಗಿಯಿತು. ಡ್ಯುಯಲ್ ಬ್ಯಾಂಡ್ ಹಾಕಿದರೆ ಅದೇ ಬೆಳಕು ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿದು, ಫ್ರೇಮ್ 15 ನಿಮಿಷ ದಾಟುತ್ತದೆ.

ದೂರದರ್ಶಕವನ್ನು ಆಕಾಶದ ಜೊತೆ ತಿರುಗಿಸುವ ಸಣ್ಣ ಮೌಂಟಿನಲ್ಲಿ 15 ನಿಮಿಷ ಸಾಗದ ಮಾತು. ಅದರಲ್ಲೂ ಮೌಂಟಿನ ಅಕ್ಷವನ್ನು ಧ್ರುವಕ್ಕೆ ಹೊಂದಿಸುವುದೇ (ಅಲೈನ್‌ಮೆಂಟ್) ಕಷ್ಟವಾದ ನಮ್ಮ ಅಕ್ಷಾಂಶದಲ್ಲಿ. ಚಿತ್ರದುರ್ಗದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ. ಗುಡ್ಡವೋ ಮರವೋ ಅಡ್ಡ ಬಂದರೆ ಕಾಣುವುದೇ ಇಲ್ಲ, ಕಂಡರೂ ವಾಯುಮಂಡಲದ ವಕ್ರೀಭವನ ಅದನ್ನು ಸುಮಾರು 4 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಆರ್ಕ್‌ಮಿನಿಟ್) ಮೇಲೆತ್ತಿ ತೋರಿಸುತ್ತದೆ. ಅಲೈನ್‌ಮೆಂಟ್ ಹೆಚ್ಚು ತಪ್ಪಿದರೆ ಗೈಡಿಂಗ್ (ಮೌಂಟನ್ನು ಆಗಾಗ ತಿದ್ದುವ ವ್ಯವಸ್ಥೆ) ಒಂದು ನಕ್ಷತ್ರವನ್ನು ಹಿಡಿದಿಟ್ಟರೂ ಚೌಕಟ್ಟು ನಿಧಾನವಾಗಿ ತಿರುಗುತ್ತದೆ. ಫ್ರೇಮ್ ಉದ್ದವಾದಷ್ಟೂ ಮೂಲೆಯ ನಕ್ಷತ್ರಗಳಿಗೆ ಬಾಲ. ಮೇಲಾಗಿ, ಹಾಳಾದ ಒಂದು ಫ್ರೇಮಿಗೆ ಕಾಲು ಗಂಟೆ ನಷ್ಟ. ಚಿತ್ರ ತೆಗೆಯುವ ನಿನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟಿಗೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ, ಇಲ್ಲಿ ಅದೇ ವಾಸಿ. ಅಕ್ಷ ಇಷ್ಟು ತಗ್ಗಿರುವುದರಿಂದ ಕೌಂಟರ್‌ವೇಟ್ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತಿದ್ದರೆ ನಡುವೆ ಎಕ್ಸ್‌ಟೆನ್ಶನ್ ಪಿಲ್ಲರ್ ಹಾಕಿ.

300 ಸೆಕೆಂಡಿಗೆ ರಾಜಿಯಾದರೆ ಡ್ಯುಯಲ್ ಬ್ಯಾಂಡ್ ಫ್ರೇಮುಗಳಲ್ಲಿ ರೀಡ್ ನಾಯ್ಸ್ ಉಳಿದೇ ಉಳಿಯುತ್ತದೆ, ಮಸುಕು ಅಂಚುಗಳು ಕಾಳುಕಾಳಾಗುತ್ತವೆ.

ಉಳಿದವು ಸಣ್ಣ ವಿಷಯಗಳು. ಆಲ್ನಿಟಾಕ್‌ನಂಥ ಪ್ರಖರ ನಕ್ಷತ್ರದ ಸುತ್ತ ಅಗ್ಗದ ಡ್ಯುಯಲ್ ಬ್ಯಾಂಡ್ ಬಳೆ ಮೂಡಿಸುತ್ತದೆ. ನಕ್ಷತ್ರಗಳ ಬಣ್ಣ ಸರಿ ಬರಬೇಕಾದರೆ ಆ ಫಿಲ್ಟರಿಲ್ಲದೆ ಇನ್ನೊಂದು ಗಂಟೆ ತೆಗೆಯಬೇಕು. ಎರಡೂ ಫಿಲ್ಟರ್ 2 ಮಿ.ಮೀ. ದಪ್ಪವಿದ್ದರೆ ಬ್ಯಾಕ್‌ಫೋಕಸ್ (ಮಸೂರದಿಂದ ಸೆನ್ಸರಿಗೆ ಬೇಕಾದ ದೂರ) ಬದಲಾಗದು, ಫೋಕಸ್ ಮಾತ್ರ ಮತ್ತೆ ನೋಡಿ. ಯುವಿ-ಐಆರ್ ಕಟ್‌ನ ದೌರ್ಬಲ್ಯ ಗ್ರೇಡಿಯಂಟ್: ದೂರದ ಪಟ್ಟಣದ ಬೆಳಕೂ ಚಿತ್ರದ ಒಂದು ಮೂಲೆಗೆ ಬಂದು ಕೂರುತ್ತದೆ. ಗುರಿ 30 ಡಿಗ್ರಿಗಿಂತ ಮೇಲಿರುವಾಗ ತೆಗೆದರೆ ಅರ್ಧ ತೊಂದರೆ ಕಡಿಮೆ. ಹಾಗೆಂದು ಫಿಲ್ಟರೇ ಬೇಡವೆಂದು ತೆಗೆದಿಡಬೇಡಿ. ಕ್ಯಾಮೆರಾ ಮುಂದಿನದು ಪ್ರತಿಫಲನವನ್ನಷ್ಟೇ ತಗ್ಗಿಸುವ ಎಆರ್ ಗಾಜಾದರೆ, ಡಬ್ಲೆಟ್ (ಎರಡು ಮಸೂರದ ರಿಫ್ರ್ಯಾಕ್ಟರ್) ಫೋಕಸ್ ಮಾಡಲಾಗದ ಅತಿಗೆಂಪು ಸೇರಿ ನಕ್ಷತ್ರಗಳು ಊದಿಕೊಳ್ಳುತ್ತವೆ.

ನನ್ನ ಕ್ರಮ: ಗೇನ್ 100, ಮೈನಸ್ 10 ಡಿಗ್ರಿ, 120 ಸೆಕೆಂಡಿನ 120 ಫ್ರೇಮ್, ಮೂರಕ್ಕೊಮ್ಮೆ ಡಿದರ್ (ಚೌಕಟ್ಟನ್ನು ಚೂರು ಸರಿಸುವುದು), ಬೆಳಗಿನ ಜಾವ ಫ್ಲ್ಯಾಟ್ (ಧೂಳಿನ ಕಲೆ, ಅಂಚಿನ ಮಬ್ಬು ತಿದ್ದಲು ಸಮ ಬೆಳಕಿನಲ್ಲಿ ತೆಗೆಯುವ ಚಿತ್ರ). ಒಳ್ಳೆಯ ಡ್ಯುಯಲ್ ಬ್ಯಾಂಡ್‌ನ ಬೆಲೆಯಲ್ಲಿ ಯುವಿ-ಐಆರ್ ಕಟ್ ಮತ್ತು ಮಸೂರದ ಮೇಲೆ ಇಬ್ಬನಿ ಕೂರದಂತೆ ತಡೆಯುವ ಡ್ಯೂ ಹೀಟರ್ ಎರಡೂ ಬರುತ್ತವೆ.

ರಜೆ ಸಿಗುವುದೇ ಶುಕ್ಲಪಕ್ಷದಲ್ಲಿ ಎನ್ನುವವರಿಗೆ, ರೋಸೆಟ್ ನೀಹಾರಿಕೆಯ ಒಳಗಿನ ಆಕ್ಸಿಜನ್ ಅಥವಾ ಸಿಮೀಸ್ 147 ಎಂಬ ಸೂಪರ್ನೋವಾ ಅವಶೇಷದ ಎಳೆಗಳನ್ನೇ ಬೆನ್ನಟ್ಟುವವರಿಗೆ ಡ್ಯುಯಲ್ ಬ್ಯಾಂಡ್ ಸರಿ. ಅವರು ಮೊದಲು ಮೌಂಟ್ 300 ಸೆಕೆಂಡ್ ತಾಳುವುದೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಲಿ.