ಮೂರು ಅಂಬೆಗಾಲು ಕೃಷ್ಣರು

ಮೂವರ ಕೈಯಲ್ಲೂ ಬೆಣ್ಣೆ ಮುದ್ದೆ. ಮೂವರೂ ಹೆಚ್ಚುಕಡಿಮೆ 3 ಇಂಚಿನ ಲೋಹದ ವಿಗ್ರಹಗಳು. ಒಬ್ಬ ನಿಜವಾದ ಹಳಬ, ಒಬ್ಬ ತಮಿಳುನಾಡಿನ ಎರಕದ ಊರು ಸ್ವಾಮಿಮಲೈನ ಹೊಸಬ, ಇನ್ನೊಬ್ಬ ಹಳಬನ ವೇಷ ಹಾಕಿದವನು.

ಮೊದಲು ಬಂದವನೇ ವೇಷದವನು. ‘150 ವರ್ಷದ ಕಂಚು, ಮನೆದೇವರು ಸಾರ್’ ಅಂದರು ಅಂಗಡಿಯವರು. ನಂಬಿ 6,500 ರೂಪಾಯಿ ಕೊಟ್ಟೆ. ಮೈಯೆಲ್ಲ ಕಪ್ಪು, ಹಸಿರು ಕಿಲುಬು. ಅಮ್ಮ ನೋಡಿದವರೇ ನಕ್ಕರು: ‘ಪೂಜೆ ಮಾಡೋ ಮನೆಯವರು ದೇವರ ಮೈಮೇಲೆ ಇಷ್ಟು ಕಿಲುಬು ಬಿಡ್ತಾರೇನೋ?’ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಒರೆಸಿದೆ. ಕಪ್ಪು, ಹಸಿರು ಎರಡೂ ಹತ್ತಿಗೆ ಬಂತು. ಕೆಳಗೆ ಫಳಫಳ ಹಿತ್ತಾಳೆ! ಒಳಗೆ ಪೊಳ್ಳು, ಪಕ್ಕದಲ್ಲಿ ಅಚ್ಚು ಕೂಡಿದ ಗೆರೆ. ಹೊಸದು ಅಂತಲೇ ಮಾರಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಸ್ವಾಮಿಮಲೈನವನು ಗಟ್ಟಿ ಎರಕ, ಕೈಗೆತ್ತಿಕೊಂಡರೆ ತೂಕದಲ್ಲೇ ಗೊತ್ತಾಗುತ್ತದೆ. ಮೇಣದಲ್ಲಿ ರೂಪ ಮಾಡಿ, ಕಾವೇರಿಯ ಮೆಕ್ಕಲು ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಮಣ್ಣು ಒಡೆದರೇ ದೇವರು ಹೊರಗೆ ಬರೋದು. ಹಾಗಾಗಿ ಒಂದು ಅಚ್ಚಿಗೆ ಒಂದೇ ವಿಗ್ರಹ. ಕೆಲಸ ಅಚ್ಚುಕಟ್ಟು. ನನಗೆ ಸ್ವಲ್ಪ ಜಾಸ್ತಿನೇ ಅಚ್ಚುಕಟ್ಟು.

ಹಳಬನಿಗೆ ಮೂಗೇ ಇಲ್ಲ. ಕೆನ್ನೆ, ಮಂಡಿ, ಬೆಣ್ಣೆ ಮುದ್ದೆ ಎಲ್ಲ ಸವೆದು ನುಣ್ಣಗಾಗಿವೆ. ಆದರೆ ಹೊಟ್ಟೆಯ ಕೆಳಗೆ ಬೆರಳಾಡಿಸಿದರೆ ಉಡಿದಾರದ ಗೆಜ್ಜೆ ಇನ್ನೂ ಚುಚ್ಚುತ್ತದೆ! ಹುಣಸೆಹಣ್ಣು ಹಿಡಿದ ಕೈ ಅಲ್ಲಿಗೆ ಹೋಗಿಲ್ಲ, ಅಷ್ಟೇ. ವೇಷದವನಲ್ಲಿ ಹೊಟ್ಟೆಯ ಕೆಳಗೂ ಮೇಲಿನಷ್ಟೇ ಸವೆತ. ಯಂತ್ರದಲ್ಲಿ ಉಜ್ಜಿರಬೇಕು. ಈಗ ಯಾವ ವಿಗ್ರಹ ಕಂಡರೂ ನಾನು ಮೊದಲು ತಿರುಗಿಸಿ ಹೊಟ್ಟೆ ನೋಡುತ್ತೇನೆ.

ಹಳಬನಿಗೆ 24,000 ಆಯಿತು. ಜೊತೆಗೆ ಕಾಗದದ ಕೆಲಸ. ಪುರಾತನ ವಸ್ತುಗಳ ಬಗ್ಗೆ ಇರುವ 1972ರ ಕಾನೂನಿನ ಪ್ರಕಾರ 100 ವರ್ಷ ದಾಟಿದ ಲೋಹದ ವಿಗ್ರಹವನ್ನು ಫೋಟೋ ಸಮೇತ ನೋಂದಾಯಿಸಬೇಕು. ಕೈ ಬದಲಾದರೆ ತಿಳಿಸಬೇಕು. ಮಾರುವವರಿಗೆ ಲೈಸೆನ್ಸ್ ಇರಬೇಕು. ನಾನು ಲೈಸೆನ್ಸ್ ಮತ್ತು ನೋಂದಣಿ ಪತ್ರ ನೋಡಿದ ಮೇಲೇ ದುಡ್ಡು ಕೊಟ್ಟೆ. ಅಮೆರಿಕದಲ್ಲಿರುವ ತಂಗಿ ಇವನನ್ನೇ ಕೇಳಿದಳು. ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ ಎಂದು ಸ್ವಾಮಿಮಲೈಗೆ ಇನ್ನೊಂದು ಆರ್ಡರ್ ಕೊಟ್ಟೆ. ಉಡುಗೊರೆಗೆ ನಿಸ್ಸಂದೇಹವಾಗಿ ಅದೇ ಸರಿ.

ವೇಷದವನನ್ನು ಅಮ್ಮ ತಿಕ್ಕಿ ತೊಳೆದು ದಸರಾ ಗೊಂಬೆಗಳ ಸಾಲಿಗೆ ಸೇರಿಸಿದರು. ಹಳಬನ ಹತ್ತಿರ ಮಾತ್ರ ಹುಣಸೆಹಣ್ಣು ತರಬೇಡಿ ಅಂದೆ.

‘ಅಷ್ಟು ವರ್ಷ ತಿಕ್ಕಿದ್ದಕ್ಕೇ ತಾನೇ ನೀನು ದುಡ್ಡು ಕೊಟ್ಟಿದ್ದು?’ ಅಂದರು.