ಮಲೆನಾಡಿನ ಮಂದ ಬೆಳಕಿಗೆ ನೋಕ್ಟನ್ 35: ಮೂರು ಆವೃತ್ತಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ಲೈಕಾ ಎಂ ಸರಣಿಯ ಕ್ಯಾಮೆರಾಗಳಿಗೆಂದು ಮಾಡಿದ ಫೋಕ್ಟ್‌ಲೆಂಡರ್ ನೋಕ್ಟನ್ 35 ಮಿ.ಮೀ. ಎಫ್/1.2 ಲೆನ್ಸಿನ ಮೂರು ಆವೃತ್ತಿಗಳು ಬಂದಿವೆ. 2003ರ ಮೊದಲನೆಯದೂ 2011ರ ಎರಡನೆಯದೂ ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಗಾತ್ರ, ತೂಕ ಎರಡನ್ನೂ ಗಣನೀಯವಾಗಿ ಇಳಿಸಿಕೊಂಡಿರುವ ಮೂರನೆಯದನ್ನು ಹೊಸದಾಗಿಯೇ ಕೊಳ್ಳಬಹುದು. ಮೂರಕ್ಕೂ ಇರುವುದು ಲೈಕಾ ಎಂ ಮೌಂಟ್ (ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಬಳೆ), ಮೂರರ ಅಪರ್ಚರ್‌ನಲ್ಲೂ (ಬೆಳಕು ಒಳಬರುವ ತೆರಪು; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) 12 ಎಲೆಗಳು, ಮೂರಕ್ಕೂ 52 ಮಿ.ಮೀ. ಫಿಲ್ಟರ್. ಹಾಗಿದ್ದ ಮೇಲೆ ಯಾವ ಆಧಾರದ ಮೇಲೆ ಆರಿಸಬೇಕು ಎಂಬ ಪ್ರಶ್ನೆಗೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಮೂರನ್ನೂ ಬಳಸಿ ಚಿತ್ರ ತೆಗೆದಿರುವ ನನ್ನ ಉತ್ತರವಿಷ್ಟೇ: ಚಿತ್ರದ ಗುಣಮಟ್ಟದಲ್ಲಿ ಕಾಣುವ ವ್ಯತ್ಯಾಸಕ್ಕಿಂತ, ನಿಮ್ಮ ಬಳಿ ಇರುವ ಕ್ಯಾಮೆರಾ ಯಾವುದು ಮತ್ತು ನೀವು ವಸ್ತುವಿಗೆ ಎಷ್ಟು ಹತ್ತಿರ ಹೋಗುತ್ತೀರಿ ಎಂಬುದೇ ಇಲ್ಲಿ ಮುಖ್ಯ.

ಇಷ್ಟು ದೊಡ್ಡ ಅಪರ್ಚರ್ ನಮಗೆ ಯಾಕೆ ಬೇಕು ಎಂಬುದನ್ನು ಮೊದಲು ನೋಡೋಣ. ಮಲೆನಾಡಿನಲ್ಲಿ ಚಿತ್ರಕ್ಕೆ ಯೋಗ್ಯವಾದ ಬಹಳಷ್ಟು ಸಂಗತಿಗಳು ನಡೆಯುವುದು ಬೆಳಕು ಕಡಿಮೆ ಇರುವ ಕಡೆಯಲ್ಲೇ. ಅಡಿಕೆ ಸುಗ್ಗಿಯ ರಾತ್ರಿಗಳನ್ನೇ ತೆಗೆದುಕೊಳ್ಳಿ. ಅಂಗಳದ ಚಪ್ಪರಕ್ಕೆ ನೇತುಹಾಕಿದ ಒಂದೇ ಬಲ್ಬಿನ ಕೆಳಗೆ ಏಳೆಂಟು ಜನ ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿರುತ್ತಾರೆ. ಬಲ್ಬಿನ ನೇರ ಕೆಳಗೆ ಇರುವವರ ಕೈ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮೊಳ ಆಚೆ ಕುಳಿತವರ ಮುಖದ ಅರ್ಧಭಾಗ ನೆರಳಿನಲ್ಲಿರುತ್ತದೆ. ಕಾಯಿ ಕತ್ತಿಗೆ ತಾಗಿ, ಸಿಪ್ಪೆ ಬಿಚ್ಚಿ, ಅಡಿಕೆ ಬುಟ್ಟಿಗೆ ಬೀಳುವ ಅಷ್ಟೂ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಫ್ಲ್ಯಾಶ್ ಹಚ್ಚಿದರೆ ಆ ಬೆಳಕಿನ ಸ್ವಭಾವವೇ ಅಳಿಸಿಹೋಗುತ್ತದೆ, ಕೆಲಸ ಮಾಡುವವರಿಗೂ ಕಿರಿಕಿರಿ. ಎಫ್/2 ಲೆನ್ಸಿನಲ್ಲಿ ಶಟರ್ ಸೆಕೆಂಡಿನ 1/15ರಷ್ಟು ತೆರೆದಿರಬೇಕೆಂದು ಬೇಡುವ ಆ ಬೆಳಕು ಎಫ್/1.2ರಲ್ಲಿ 1/40ಕ್ಕೆ ಒಪ್ಪುತ್ತದೆ. ಸುಲಿಯುವ ಕೈ 1/40ರಲ್ಲೂ ತುಸು ಅಲುಗಿದಂತೆ ಕಾಣಬಹುದು, ಆದರೆ ಮುಖ ನಿಲ್ಲುತ್ತದೆ. 1/15ರಲ್ಲಿ ಎರಡೂ ನಿಲ್ಲುವುದಿಲ್ಲ. ಫಿಲ್ಮ್ ಬಳಸುವವರಿಗೆ ಈ ಒಂದೂವರೆ ಸ್ಟಾಪ್‌ನ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಬೆಲೆ ಚೆನ್ನಾಗಿ ಗೊತ್ತು.

ಎಫ್/1.4ಕ್ಕೂ ಎಫ್/1.2ಕ್ಕೂ ಇರುವ ಅಂತರ ಮಾತ್ರ ಅರ್ಧ ಸ್ಟಾಪ್‌ಗಿಂತಲೂ ಕಡಿಮೆ. ಜೊತೆಗೆ, ಪೂರ್ತಿ ತೆರೆದಾಗ ಮೂಲೆಗಳಲ್ಲಿ ಬೆಳಕು ಒಂದು ಸ್ಟಾಪ್‌ಗೂ ಹೆಚ್ಚು ಇಳಿಯುವುದರಿಂದ ಈ ಲಾಭ ಸಿಗುವುದು ಚೌಕಟ್ಟಿನ ಮಧ್ಯಭಾಗಕ್ಕೆ ಮಾತ್ರ. ಇದನ್ನು ತಿಳಿದೇ ಕೊಳ್ಳಬೇಕು.

ಹೆಸರಿನ ಬಗ್ಗೆ ಒಂದೆರಡು ಮಾತು. ಫೋಕ್ಟ್‌ಲೆಂಡರ್ 1756ರಲ್ಲಿ ವಿಯೆನ್ನಾದಲ್ಲಿ ಆರಂಭವಾದ ಸಂಸ್ಥೆ. ಇಂದು ಆ ಹೆಸರಿನ ಲೆನ್ಸುಗಳನ್ನು ತಯಾರಿಸುತ್ತಿರುವುದು ಜಪಾನಿನ ನಾಗಾನೋ ಪ್ರಾಂತ್ಯದ ಕೊಸೀನಾ. 1954ರಲ್ಲಿ ಲೈಕಾ ಎಂ3ಯೊಂದಿಗೆ ಬಂದ ಮೌಂಟ್ ಇಂದಿಗೂ ಬದಲಾಗಿಲ್ಲ. ಆದ್ದರಿಂದ ಈ ಲೆನ್ಸುಗಳು ಎಪ್ಪತ್ತು ವರ್ಷ ಹಳೆಯ ಕ್ಯಾಮೆರಾಕ್ಕೂ ಇಂದಿನ ಡಿಜಿಟಲ್ ಕ್ಯಾಮೆರಾಕ್ಕೂ ಕೂಡುತ್ತವೆ.

ಇನ್ನು ಆವೃತ್ತಿಗಳ ಮಾತು. ಮೊದಲನೆಯದಕ್ಕೂ ಎರಡನೆಯದಕ್ಕೂ ಗಾಜಿನ ವಿನ್ಯಾಸ ಒಂದೇ: ಏಳು ಗುಂಪುಗಳಲ್ಲಿ 10 ಗಾಜುಗಳು. ತೂಕ 490 ಗ್ರಾಂನಿಂದ 470ಕ್ಕೆ ಇಳಿದಿದೆ, ಅದು ಕೈಗೆ ತಿಳಿಯುವಂಥ ವ್ಯತ್ಯಾಸವಲ್ಲ. ನಿಜವಾದ ಬದಲಾವಣೆ ಇರುವುದು ಫೋಕಸ್ ಹಿಡಿಯುವ ಕನಿಷ್ಠ ದೂರದಲ್ಲಿ. ಮೊದಲನೆಯದು 0.7 ಮೀಟರಿಗೆ ನಿಂತರೆ ಎರಡನೆಯದು 0.5 ಮೀಟರಿನವರೆಗೆ ಹೋಗುತ್ತದೆ. ಈ ಒಂದು ಅಂಶಕ್ಕಾಗಿಯೇ ಹೆಚ್ಚು ಹಣ ತೆತ್ತು ಎರಡನೆಯದನ್ನು ಹುಡುಕುವವರನ್ನು ನಾನು ಬಲ್ಲೆ. ಅವರು ಗಮನಿಸಬೇಕಾದದ್ದು ಇಷ್ಟು: ಎಂ ಸರಣಿಯ ಬಹುಪಾಲು ಕ್ಯಾಮೆರಾಗಳಲ್ಲಿ ರೇಂಜ್‌ಫೈಂಡರ್, ಎಂದರೆ ಎರಡು ಬಿಂಬ ಕೂಡಿಸಿ ಫೋಕಸ್ ಹಿಡಿಯುವ ಯಂತ್ರ, 0.7 ಮೀಟರಿಗಿಂತ ಹತ್ತಿರಕ್ಕೆ ಲೆನ್ಸನ್ನು ಅನುಸರಿಸುವುದೇ ಇಲ್ಲ. ಅಲ್ಲಿಂದ ಮುಂದೆ ಲೆನ್ಸ್ ತಿರುಗುತ್ತದೆ, ಆದರೆ ವ್ಯೂಫೈಂಡರ್‌ನ ಎರಡು ಬಿಂಬಗಳು ಕೂಡುವುದಿಲ್ಲ. ಎಂ6 ಅಥವಾ ಬೆಸ್ಸಾದಂಥ ಫಿಲ್ಮ್ ಕ್ಯಾಮೆರಾದಲ್ಲಿ, ಹಾಗೆಯೇ ಲೈವ್ ವ್ಯೂ (ಲೆನ್ಸಿನ ನೋಟವನ್ನು ಪರದೆಯಲ್ಲಿ ತೋರಿಸುವ ಸೌಲಭ್ಯ) ಇಲ್ಲದ ಡಿಜಿಟಲ್ ಎಂ9ರಲ್ಲಿ, ಆ 20 ಸೆಂ.ಮೀ. ಬಳಸಲು ಅಳತೆ ಪಟ್ಟಿ ಹಿಡಿದು ದೂರ ಅಳೆಯಬೇಕು, ಇಲ್ಲವೇ ಅಂದಾಜಿನ ಮೇಲೆ ತೆಗೆಯಬೇಕು. ಎಫ್/1.2ರಲ್ಲಿ ಅಂದಾಜು ನಡೆಯುವುದಿಲ್ಲ. 2012ರ ಟೈಪ್ 240 ಮತ್ತು ಅದರ ನಂತರ ಬಂದ, ಲೈವ್ ವ್ಯೂ ಇರುವ ಡಿಜಿಟಲ್ ಎಂ ಕ್ಯಾಮೆರಾಗಳಲ್ಲಿ ಮಾತ್ರ ಹಿಂಬದಿಯ ಪರದೆಯಲ್ಲಿ ನೋಡಿಕೊಂಡು ಅಷ್ಟು ಹತ್ತಿರಕ್ಕೆ ಹೋಗಬಹುದು. ಆದ್ದರಿಂದ ಕೇವಲ ಫಿಲ್ಮ್ ಬಳಸುವವರಿಗೆ ಎರಡನೆಯ ಆವೃತ್ತಿಯಿಂದ ವಿಶೇಷ ಲಾಭವಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಮೊದಲನೆಯದು ಕಡಿಮೆ ಬೆಲೆಗೆ ಸಿಕ್ಕರೆ ಅದೇ ಸಾಕು.

ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಬಳಸುವವರಿಗೂ ಇದೇ ಮಾತು, ಕಾರಣ ಬೇರೆ. ಹೆಲಿಕಾಯ್ಡ್ ಇರುವ ಅಡಾಪ್ಟರ್ ಲೆನ್ಸನ್ನು ಇನ್ನಷ್ಟು ಮುಂದಕ್ಕೆ ಚಾಚುತ್ತದೆ. ಅದನ್ನು ಹಾಕಿದರೆ ಮೊದಲನೆಯ ಆವೃತ್ತಿಯೂ 0.7 ಮೀಟರಿಗಿಂತ ಒಳಕ್ಕೆ ಫೋಕಸ್ ಹಿಡಿಯುತ್ತದೆ.

ಮೂರನೆಯ ಆವೃತ್ತಿಯಲ್ಲಿ ಕೊಸೀನಾ ಗಾಜಿನ ವಿನ್ಯಾಸವನ್ನೇ ಬದಲಿಸಿ ಆರು ಗುಂಪುಗಳಲ್ಲಿ ಒಂಬತ್ತು ಗಾಜುಗಳನ್ನು ಕೂಡಿಸಿತು, 0.5 ಮೀಟರನ್ನು ಉಳಿಸಿಕೊಂಡಿತು, ತೂಕವನ್ನು 332 ಗ್ರಾಂಗೆ ತಂದಿತು. ನನ್ನ ದೃಷ್ಟಿಯಲ್ಲಿ ಈ ಲೆನ್ಸಿನ ಇತಿಹಾಸದಲ್ಲಿ ನಿಜವಾಗಿ ಮಹತ್ವದ ಬದಲಾವಣೆ ಇದೇ. ಲೈಕಾ ಎಂ6ರ ತೂಕ ಸುಮಾರು 560 ಗ್ರಾಂ. ಅದಕ್ಕೆ 490 ಗ್ರಾಂನ ಲೆನ್ಸ್ ಹಾಕಿದರೆ ಕ್ಯಾಮೆರಾ ಮುಂದಕ್ಕೆ ವಾಲುತ್ತದೆ. ಕುತ್ತಿಗೆಗೆ ಹಾಕಿಕೊಂಡಾಗ ಲೆನ್ಸಿನ ಮೂತಿ ನೆಲ ನೋಡುತ್ತದೆ. ಕುಂದಾದ್ರಿಯನ್ನೋ ಕೊಡಚಾದ್ರಿಯನ್ನೋ ಹತ್ತುವಾಗ ಇದರ ಆಯಾಸ ಗೊತ್ತಾಗುತ್ತದೆ. ತೂಕಕ್ಕಿಂತ ದೊಡ್ಡ ತೊಂದರೆ ವ್ಯೂಫೈಂಡರ್‌ನದು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಅದರ ಪಕ್ಕದ ಕಿಟಕಿಯಿಂದ ನೋಡುತ್ತೇವೆ. ಹೀಗಾಗಿ ಉದ್ದ ಲೆನ್ಸು ಚೌಕಟ್ಟಿನ ಬಲಗಡೆಯ ಕೆಳಮೂಲೆಯನ್ನು ಮರೆಮಾಡುತ್ತದೆ. ಹುಡ್ ಹಾಕಿದರಂತೂ ಇನ್ನೂ ಹೆಚ್ಚು. ಮೊದಲೆರಡು ಆವೃತ್ತಿಗಳಲ್ಲಿ, ಅಡಿಕೆ ಸುಲಿಯುವವರ ಪಂಕ್ತಿಯನ್ನು ಚೌಕಟ್ಟಿಗೆ ಹೊಂದಿಸುವಾಗ ಬಲತುದಿಯಲ್ಲಿ ಕುಳಿತವರ ಮಂಡಿ, ಬುಟ್ಟಿ ಎಲ್ಲಿಗೆ ಬಂತು ಎಂಬುದು ಕಾಣಿಸುತ್ತಲೇ ಇರಲಿಲ್ಲ. ಮೂರನೆಯದರಲ್ಲಿಯೂ ಮರೆ ಪೂರ್ತಿ ಹೋಗಿಲ್ಲ, ಆದರೆ ಚೌಕಟ್ಟನ್ನು ನಂಬಿ ಕೆಲಸ ಮಾಡುವಷ್ಟು ಕಡಿಮೆಯಾಗಿದೆ.

ಚಿತ್ರದ ಗುಣದ ವಿಷಯದಲ್ಲಿ ನಾನು ದೊಡ್ಡ ಮಾತು ಆಡಲಾರೆ. ಪೂರ್ತಿ ತೆರೆದಾಗ ಮೂರೂ ಮೃದುವಾಗಿಯೇ ಚಿತ್ರಿಸುತ್ತವೆ, ಮೂರರಲ್ಲೂ ಹಿನ್ನೆಲೆ ಹಿತವಾಗಿ ಕರಗುತ್ತದೆ. ಎಫ್/2.8ಕ್ಕೆ ಇಳಿಸಿದರೆ ಯಾವುದರಿಂದ ತೆಗೆದದ್ದು ಎಂದು ಹೇಳಲು ನನ್ನಿಂದಾಗದು. ಈ ಬಗೆಯ ಹೋಲಿಕೆಯಲ್ಲಿ ಜನ ಕಳೆಯುವ ಸಮಯವನ್ನು ಫೋಕಸ್ ಅಭ್ಯಾಸಕ್ಕೆ ಕೊಟ್ಟರೆ ಒಳ್ಳೆಯದು ಎಂದು ನನ್ನ ದೃಢ ಅಭಿಪ್ರಾಯ, ಯಾಕೆಂದರೆ ಚಿತ್ರ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಯಕ್ಷಗಾನದ ಚೌಕಿ ಇದಕ್ಕೆ ಒಳ್ಳೆಯ ಪರೀಕ್ಷೆ. ರಂಗಸ್ಥಳದ ಮೇಲೆ ಈಗ ಎಲ್‌ಇಡಿ ದೀಪಗಳ ಬೆಳಕು ಸಾಕಷ್ಟಿರುತ್ತದೆ, ಅಲ್ಲಿಗೆ ಎಫ್/1.2 ಬೇಡ, ಪ್ರೇಕ್ಷಕರ ಸಾಲಿನಿಂದ 35 ಮಿ.ಮೀ. ಸಾಲುವುದೂ ಇಲ್ಲ. ಚೌಕಿಯೊಳಗೆ ಹಾಗಲ್ಲ. ವೇಷಧಾರಿಗಳು ಪೆಟ್ಟಿಗೆಯ ಮುಂದೆ ಸಣ್ಣ ಕನ್ನಡಿ ಹಿಡಿದು ಬಣ್ಣ ಬಳಿದುಕೊಳ್ಳುತ್ತಿರುತ್ತಾರೆ, ಜಾಗ ಇಕ್ಕಟ್ಟು, ದೂರ ಒಂದು ಮೀಟರ್ ಇದ್ದರೆ ಹೆಚ್ಚು. ಒಂದು ಮೀಟರಿನಲ್ಲಿ 35 ಮಿ.ಮೀ. ಲೆನ್ಸನ್ನು ಎಫ್/1.2ಕ್ಕೆ ತೆರೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಆರು ಸೆಂ.ಮೀ., ಎಂದರೆ ಮುಂದಕ್ಕೆ ಮೂರು, ಹಿಂದಕ್ಕೆ ಮೂರು. ರೇಂಜ್‌ಫೈಂಡರ್‌ನಲ್ಲಿ ಫೋಕಸ್ ಹಿಡಿಯುವ ಚೌಕ ಮಧ್ಯದಲ್ಲಿ ಮಾತ್ರ ಇರುತ್ತದೆ. ಕಣ್ಣಿಗೆ ಫೋಕಸ್ ಹಿಡಿದು, ಮುಖ ಚೌಕಟ್ಟಿನ ಒಂದು ಬದಿಗೆ ಬರುವಂತೆ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದಿರಿ ಎನ್ನಿ; ಫೋಕಸ್‌ನ ಸಮತಲ ಕಣ್ಣಿನಿಂದ ಮೂರೂವರೆ ಸೆಂ.ಮೀ.ನಷ್ಟು ಹಿಂದಕ್ಕೆ ಸರಿದುಹೋಗುತ್ತದೆ. ಆಗ ಹುಬ್ಬಿನ ಮೇಲಿನ ಕಪ್ಪು ಗೆರೆ ಮಸುಕಾಗಿ, ಕಿವಿಯ ಬಳಿಯ ಮುಂಡಾಸಿನ ಅಂಚು ಚೂಪಾಗಿ ಬರುತ್ತದೆ. ಇದು ಲೆನ್ಸಿನ ದೋಷವಲ್ಲ, ರೇಖಾಗಣಿತ. ಕ್ಯಾಮೆರಾ ತಿರುಗಿಸಿದ ಮೇಲೆ ತಲೆಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ತಂದು ಶಟರ್ ಒತ್ತುವುದು, ಇಲ್ಲವೇ ಎಫ್/2ಕ್ಕೆ ಇಳಿಸುವುದು, ಇವೆರಡೇ ದಾರಿ. ಮಂದ ಬೆಳಕಿನಲ್ಲೂ ವ್ಯೂಫೈಂಡರ್ ಮಬ್ಬಾಗದಿರುವುದು, ಶಟರ್ ಸದ್ದು ಕಡಿಮೆ ಇರುವುದು ಚೌಕಿಯಲ್ಲಿ ರೇಂಜ್‌ಫೈಂಡರ್ ಕೊಡುವ ದೊಡ್ಡ ಅನುಕೂಲಗಳು.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ಒಳಗಿನ ಕಂಬಗಳಂಥ ವಾಸ್ತುವಿಗೆ ಈ ಲೆನ್ಸ್ ಬೇಕಾಗಿಲ್ಲ. ಅಲ್ಲಿ ಆಳವೆಲ್ಲ ಸ್ಪಷ್ಟವಾಗಿ ಬರಬೇಕು, ಎಫ್/4ರಿಂದ ಮೇಲೆ ಯಾವ ಸಾಧಾರಣ ಲೆನ್ಸೂ ಆ ಕೆಲಸ ಮಾಡುತ್ತದೆ.

ಇದೇ ಸಂಸ್ಥೆಯ ನೋಕ್ಟನ್ ಕ್ಲಾಸಿಕ್ 35 ಮಿ.ಮೀ. ಎಫ್/1.4 ಏಕೆ ಬೇಡ ಎಂದು ಕೇಳುವವರಿದ್ದಾರೆ. ಅದು 200 ಗ್ರಾಂ ಆಸುಪಾಸಿನ ಪುಟ್ಟ ಲೆನ್ಸು, ಬೆಲೆಯೂ ಕಡಿಮೆ, ಜೇಬಿನಲ್ಲಿ ಹಿಡಿಯುತ್ತದೆ. ಅಪರ್ಚರ್ ಇಳಿಸಿದಂತೆ ಫೋಕಸ್ ಸ್ಥಾನ ಹಿಂದಕ್ಕೆ ಸರಿಯುವ ದೋಷಕ್ಕೆ ಅದರ ಮೊದಲ ಆವೃತ್ತಿ ಹೆಸರಾಗಿದೆ. ಲೆನ್ಸಿನ ಮೂಲಕ ನೋಡದ ರೇಂಜ್‌ಫೈಂಡರ್‌ಗೆ ಹಾಗೆ ಸರಿದದ್ದು ಗೊತ್ತೇ ಆಗುವುದಿಲ್ಲ. ಅದರಲ್ಲಿ ಒಂಟಿ ಲೇಪನದ ಎಸ್‌ಸಿ, ಬಹುಪದರ ಲೇಪನದ ಎಂಸಿ ಎಂಬ ಎರಡು ಬಗೆಗಳಿವೆ. ಕೊಳ್ಳುವುದಾದರೆ ಎಂಸಿ ಕೊಳ್ಳಿ. ಅಡಿಕೆ ತೋಟದಲ್ಲಿ ಕೆಳಗೆಲ್ಲ ಕತ್ತಲು, ಮೇಲೆ ಸೋಗೆಗಳ ಸಂದಿನಲ್ಲಿ ಬೆಳ್ಳಗಿನ ಆಕಾಶ. ಆ ಬಿಳುಪು ಒಂಟಿ ಲೇಪನದ ಗಾಜಿನೊಳಗೆ ಚೆದುರಿ ನೆರಳನ್ನೆಲ್ಲ ಬೂದು ಮಾಡುತ್ತದೆ. ಬಯಲುಸೀಮೆಯ ಕಟು ಬಿಸಿಲಿಗೆ ಎಸ್‌ಸಿ ಹಿತವಾಗಬಹುದು. ಮಳೆಗಾಲದ ನಮ್ಮ ಬೆಳಕು ಮೊದಲೇ ಸಪ್ಪೆ, ಅದನ್ನು ಇನ್ನಷ್ಟು ಸಪ್ಪೆ ಮಾಡುವುದರಲ್ಲಿ ಅರ್ಥವಿಲ್ಲ.

ಹೀಗೆ ನೋಡಿದರೆ, ಹಣ ಹೊಂದಿಸಬಲ್ಲವರಿಗೆ, ಅದರಲ್ಲೂ ಡಿಜಿಟಲ್ ಎಂ ಇರುವವರಿಗೆ, ಎಫ್/1.2ರ ಮೂರನೆಯ ಆವೃತ್ತಿಯನ್ನೇ ನಾನು ಹೇಳುತ್ತೇನೆ. ಫಿಲ್ಮ್ ಮಾತ್ರ ಬಳಸುವವರು, ತೂಕಕ್ಕೆ ಅಂಜದವರು ಮೊದಲನೆಯದನ್ನು ನೋಡಬಹುದು. ಎರಡನೆಯದು ಮೂರನೆಯದಕ್ಕಿಂತ ಬಹಳ ಅಗ್ಗವಾಗಿ ಸಿಕ್ಕರೆ ಮಾತ್ರ ಸರಿ.

ಶಿವಮೊಗ್ಗದ ಅಂಗಡಿಗಳಲ್ಲಿ ಇಂಥ ಲೆನ್ಸು ಕೈಗೆ ಸಿಗುವುದಿಲ್ಲ. ಬೆಂಗಳೂರಿನಿಂದಲೋ ಹೊರದೇಶದಿಂದಲೋ ತರಿಸಬೇಕು. ಹಳೆಯದನ್ನು ಕೊಳ್ಳುವವರು ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬಿಟ್ಟು, ಓರೆಯಾಗಿ ಒಳಗೆ ನೋಡಲೇಬೇಕು. ಜೇಡನ ಎಳೆಯಂಥ ತೆಳು ಬಿಳಿ ಕವಲುಗಳು ಕಂಡರೆ ಅದು ಫಂಗಸ್. ಒಣ ಹವೆಯ ಊರಿನಲ್ಲಿ ಅದು ಸುಮ್ಮನೆ ಇದ್ದೀತು, ಆಗುಂಬೆ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಮತ್ತೆ ಹಬ್ಬಿ ಲೇಪನವನ್ನೇ ತಿನ್ನುತ್ತದೆ. ಮೂರರಲ್ಲಿ ಯಾವುದಕ್ಕೂ ನೀರು ತಡೆಯುವ ಸೀಲ್ ಇಲ್ಲ ಎಂಬುದನ್ನೂ ನೆನಪಿಡಬೇಕು. ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ತೇವ ಹಿಡಿದಿಡುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿ ಇಡುವುದೂ ತಪ್ಪು: ಹೊಗೆಯ ಮಸಿ ಗಾಜಿಗೆ ಅಂಟುತ್ತದೆ, ಶಾಖಕ್ಕೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ. ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೆಯದು, ಆದರೆ ಆಷಾಢದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಅದೊಂದನ್ನೇ ನಂಬಲಾಗದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲೆನ್ಸನ್ನು ಇಡಿ, ಹರಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ.