ಕುವೆಂಪುನಗರದ ಶನಿವಾರದ ಕ್ವಿಜ್: ಪ್ರಶ್ನೆ ನಾವೇ ತರಬೇಕು

ಕುವೆಂಪುನಗರದ ಕಾಫಿ ಅಂಗಡಿಯೊಂದರ ಮಹಡಿ ಮೇಲೆ ಶನಿವಾರ ಸಂಜೆ ಕ್ವಿಜ್ ನಡೆಯುತ್ತದೆ. ತಲೆಗೆ 150 ರೂಪಾಯಿ. ಅದರಲ್ಲೇ ಫಿಲ್ಟರ್ ಕಾಫಿ, ಒಂದು ಮದ್ದೂರು ವಡೆ. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದ ನನಗೆ ವಾರವೆಲ್ಲ ಇದರದೇ ಧ್ಯಾನ.

ಪ್ರತಿ ಮೇಜಿನವರೂ ಐದು ಪ್ರಶ್ನೆ ಬರೆದು ತರಬೇಕು. ಚೀಟಿಗಳನ್ನು ಅದಲುಬದಲು ಮಾಡಿ ಓದುತ್ತಾರೆ. ಯಾರೂ ಉತ್ತರ ಹೇಳದಿದ್ದರೆ ಪ್ರಶ್ನೆ ತಂದವರಿಗೆ ಸೊನ್ನೆ. ಎಲ್ಲರೂ ಹೇಳಿದರೂ ಸೊನ್ನೆ. ಒಂದೇ ಮೇಜು ಹೇಳಿದರೆ ಇಬ್ಬರಿಗೂ ಎರಡೆರಡು ಅಂಕ. ಹಾಗಾಗಿ ದೇಶ, ರಾಜಧಾನಿ ಅಂತ ಉರು ಹೊಡೆದ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲದಿದ್ದರೂ ಯೋಚಿಸಿದರೆ ಹೊಳೆಯಬೇಕು. ಈ ನಿಯಮ ಮಾಡಿದವರಿಗೆ ನನ್ನ ನಮಸ್ಕಾರ.

ಕಳೆದ ವಾರ ನಾನು ಕೇಳಿದ್ದು ಇದು. 1832ರ ಫೆಬ್ರವರಿಯಲ್ಲಿ ಬೀಗಲ್ ಹಡಗಿನಲ್ಲಿ ಡಾರ್ವಿನ್ ಮುಖಕ್ಕೆ ಡಾಂಬರು, ಬಣ್ಣ ಬಳಿದರು. ಕಬ್ಬಿಣದ ಪಟ್ಟಿಯಿಂದ ಕೆರೆದರು. ಆಮೇಲೆ ತಲೆಕೆಳಗಾಗಿ ನೀರಿಗೆ ಕೆಡವಿದರು. ಯಾಕೆ? ಕೆಎಎಸ್‌ಗೆ ಓದುವ ಹುಡುಗರು ಶಿಕ್ಷೆ ಅಂದರು, ಇನ್ನೊಬ್ಬರು ಚರ್ಮರೋಗ ಅಂದರು. ಮಂಡ್ಯದಿಂದ ಬರುವ ಹುಡುಗಿಯೊಬ್ಬಳು ಮಾತ್ರ, "ಹಡಗು ದಕ್ಷಿಣ ಅಮೆರಿಕಕ್ಕೆ ಹೋಗ್ತಿತ್ತು ಅಲ್ವಾ, ದಾರೀಲಿ ಭೂಮಧ್ಯರೇಖೆ ಸಿಗುತ್ತೆ" ಅಂದಳು. ಸರಿ ಉತ್ತರ!

ಮೊದಲ ಸಲ ಆ ರೇಖೆ ದಾಟುವವರಿಗೆ ಹಡಗಿನಲ್ಲಿ ದೀಕ್ಷೆ ಕೊಡುತ್ತಾರೆ. ದಾಟುವ ತನಕ ಪಾಲಿವಾಗ್, ದಾಟಿದ ಮೇಲೆ ಶೆಲ್‌ಬ್ಯಾಕ್. ನಮ್ಮ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರೇ ಸಮುದ್ರರಾಜ ನೆಪ್ಚೂನ್. ನೆಲ ಒರೆಸುವ ಮಾಪಿನ ದಾರವೇ ಗಡ್ಡ. ನನ್ನ ತಲೆಗೆ ಗ್ರೀಸು, ಅದರ ಮೇಲೆ ಅಡುಗೆಮನೆಯ ಹುಳಿ ಹಿಟ್ಟು, ಮರದ ಕತ್ತಿಯಲ್ಲಿ ಕ್ಷೌರ. ಟಾರ್ಪಾಲಿನ್ ಕಟ್ಟಿದ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದ ಮೇಲೆ ಕ್ಯಾಪ್ಟನ್ ಸಹಿಯ ಸರ್ಟಿಫಿಕೇಟ್. ಅದನ್ನು ಜೋಪಾನ ಮಾಡಬೇಕು, ಇಲ್ಲದಿದ್ದರೆ ಮುಂದಿನ ಹಡಗಿನವರು ಮತ್ತೆ ಮುಳುಗಿಸುತ್ತಾರೆ.

"ಬ್ಯಾಡ ಅಂದ್ರೂ ಬುಡ್ತಿರಲಿಲ್ವಾ ಸಾರ್?" ಅಂತ ಆ ಹುಡುಗಿ ಕೇಳಿದಳು. ನಮ್ಮ ಕ್ಯಾಪ್ಟನ್ ಬೇಡ ಎಂದವರನ್ನು ಬಿಟ್ಟರು. ಬೇರೆ ಹಡಗುಗಳಲ್ಲಿ ಏಟು ತಿಂದವರೂ ಇದ್ದಾರೆ. ಅದು ತಪ್ಪೇ, ಹಾಗೇ ಹೇಳಿದೆ. ಪ್ರಶ್ನೆ ತಂದವರಿಗೆ ಮಾತಾಡಲು ಒಂದೇ ನಿಮಿಷ ಅಂತ ನಿಯಮ. ಅಂಗಡಿಯವರು ಅವತ್ತು ಗಡಿಯಾರ ನೋಡಲಿಲ್ಲ.

ಅವಳ ಚೀಟಿ ನನ್ನದಕ್ಕಿಂತ ಚೆನ್ನಾಗಿತ್ತು. 2017-18ರಲ್ಲಿ ಆರು ಮಂದಿ ನೌಕಾಪಡೆಯ ಹೆಣ್ಣುಮಕ್ಕಳು ತಾರಿಣಿ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು ಭೂಮಿ ಸುತ್ತಿ ಬಂದರಲ್ಲ, ಭೂಮಧ್ಯರೇಖೆಯನ್ನು ಎಷ್ಟು ಸಲ ದಾಟಿದರು? ಎರಡು ಸಲ. ದಕ್ಷಿಣಕ್ಕೆ ಇಳಿಯುವಾಗ ಒಮ್ಮೆ, ಗೋವಾಗೆ ಮರಳುವಾಗ ಒಮ್ಮೆ. ಭೂಪಟ ಕಣ್ಮುಂದೆ ತಂದುಕೊಂಡವರಿಗೆ ಸಿಗುವ ಉತ್ತರ.

ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಕಷ್ಟ. ವಡೆ ಕೆಲವೊಮ್ಮೆ ಆರಿರುತ್ತದೆ. ಕೆಳಗಿನ ಜ್ಯೂಸ್ ಮಿಕ್ಸಿ ತಿರುಗಿದರೆ ಮೆಟ್ಟಿಲ ಪಕ್ಕದವರಿಗೆ ಪ್ರಶ್ನೆ ಕೇಳಿಸುವುದೇ ಇಲ್ಲ. ಶುರುವಾಗುವುದು ಏಳಕ್ಕೆ. ಆರೂವರೆಗೇ ಹೋಗಿ ಕಿಟಕಿ ಪಕ್ಕದ ಮೇಜು ಹಿಡಿಯಿರಿ.